ಗುರುಶಾಂತವ್ವ ಉರ್ಫ್ ಪಾರ್ವತವ್ವ

ಹಿರೇಬಾವಿ, ಬನವಾಸಿ ಟಪಾಲು
12 ಜನವರಿ 1960

ತಮ್ಮ ಶಿವಲಿಂಗಾ,

ಅಕ್ಕನ ಆಶೀರ್ವಾದ. ಇಲ್ಲಿ ಎಲ್ಲಾರೂ ಚಲೋ ಇದ್ದೀವಿ. ಎಮ್ಮಿ ಈದೈತಿ, ಹೆಣ್ಣು ಕರು. ಇನ್ನ ಕೆಲಸದ ಮಾತು ಹೇಳ್ತೀನಿ, ಪತ್ರ ಪೂರಾ ಓದಿ ಆಮ್ಯಾಲ ಊಟಕ್ಕ ಏಳು.

ನಮ್ಮೂರಿಗೆ ಹೊಸಾ ಪಂಚಾಯತಿ ಬರ್ತೈತಿ. ಹೆಣ್ಮಕ್ಕಳಿಗಂತ ಎರಡು ಜಾಗಾ ಸರಕಾರದವರು ತೆಗೆದಿಟ್ಟಾರಂತ. ನಾನು ನಿಂದರಬೇಕಂತ ಮಾಡೀನಿ. ನಗಬ್ಯಾಡ. ಈ ಊರಾಗ ಓದಾಕ ಬರಿಯಾಕ ಬರೂ ಹೆಣ್ಮಗಳು ನಾನೊಬ್ಬಾಕಿ. ನಾಲ್ಕನೆಯತ್ತೆ ಆದಾಕಿ ಅಂತ ನೀ ಮಾಸ್ತರಕಿ ಮಾಡಬಹುದು, ಆದ್ರ ಇಲ್ಲಿ ಅಷ್ಟ ದೊಡ್ಡದು.

ಯಾಕ ನಿಂದರ್ತೀನಿ ಅಂದ್ರ, ಬಾವಿ ಸಲವಾಗಿ. ಮೂರು ವರ್ಷದ ಹಿಂದ ಸರಕಾರದವರು ಊರಿಗಂತ ಒಂದು ಬಾವಿ ತೋಡಿಸಿದ್ರು. ಎಲ್ಲಿ? ನಮ್ಮ ಮಾವನವರ ಹಿತ್ತಲದಾಗ! ನಮ್ಮ ಹೊಲಕ್ಕ ಕೂಲಿಗೆ ಬರೂ ಸುಬ್ಬಿ ಮತ್ತ ಆಕಿ ಕೇರಿ ಹೆಣ್ಮಕ್ಕಳು ಬಿಂದಿಗಿ ಹಿಡಕೊಂಡು ಬೇಲಿ ಹೊರಗ ನಿಂದರ್ತಾರ. ಒಳಗಿಂದ ಯಾರರೆ ಹೋಗಿ ಸೇದಿ ಹಾಕಬೇಕು. ಮಾವನವರು ಮನ್ಯಾಗಿದ್ರ ಯಾರೂ ಹೋಗೂ ಹಂಗಿಲ್ಲ. ಬಿಸಲಾಗ ನಿಂತು ನಿಂತು, ಖಾಲಿ ಬಿಂದಿಗಿ ತಗೊಂಡು ಹೊಳಿಗೆ ಹೋಗ್ತಾರ. ಅಡಗಿ ಮನಿ ಕಿಡಕ್ಯಾಗ ನಿಂತು ನೋಡಾಕ ನನಗ ನಾಚಿಕಿ ಆಗ್ತೈತಿ. ಆ ಕೇರಿಗೆ ಬ್ಯಾರೆ ಬಾವಿ ಆಗಬೇಕು. ಪಂಚಾಯತ್ಯಾಗ ಕುಂತ್ರ ಮೊದಲ ಅದನ್ನ ಕೇಳಾಕಿ ನಾನು.

ಆದ್ರ ತಮ್ಮಾ, ನಿನ್ನೆ ಚಾವಡಿ ಗ್ವಾಡಿಗೆ ಮತದಾರರ ಯಾದಿ ಹಚ್ಯಾರ. ಓಟು ಹಾಕಾಕೂ ಚುನಾವಣಿಗೆ ನಿಂದರಾಕೂ ಅದರಾಗ ಹೆಸರಿರಬೇಕು. ನಮ್ಮ ಮನಿ ನಂಬರದಾಗ ಮಾವನವರು, ಅತ್ತಿ, ಭಾವ, ನೆಗೆಣ್ಣಿ ಸಾವಿತ್ರವ್ವ, ಇವರು, ಎಲ್ಲಾರೂ ಅದಾರ. ನಾನಿಲ್ಲ! ಊರ ಲೆಕ್ಕ ಬರಿಯೂ ತಲಾಠಿಗೆ ಕೇಳಿದ್ರ ಹಳೇ ಪುಸ್ತಕ ತೆಗೆದು ತೋರಿಸಿದ. ಐವತ್ತಾರರಾಗ, ನೀ ಈ ಕಡೆ ಸಾಲ್ಯಾಗಿದ್ದಾಗ, ನಮ್ಮೂರಿಗೆ ಹೆಸರು ಬರಿಯಾಕ ಬಂದ ಮಾಸ್ತರ ನೀನ ಅಲ್ಲೇನು? ನಮ್ಮ ಕಟ್ಟಿ ಮ್ಯಾಲ ಕುಂತು ಮಜ್ಜಿಗಿ ಕುಡದು ಬರಕೊಂಡು ಹೋದಿ. ನನ್ನ ಹೆಸರು ಗುರುಶಾಂತವ್ವ ಅಂತ ಬರದೀಯಪಾ. ಅದು ತವರಮನಿ ಹೆಸರು. ಲಗ್ನದ ದಿವಸ ಅಕ್ಕಿ ಮ್ಯಾಲ ಬರಸಿ ಇವರ ಮನ್ಯಾಗ ನನಗ ಪಾರ್ವತವ್ವ ಅಂತ ಹೆಸರಿಟ್ಟಾರ. ಹದಿನಾಲ್ಕು ವರ್ಷದಿಂದ ಈ ಊರಿಗೆ ನಾ ಪಾರ್ವತವ್ವ. ಆಮ್ಯಾಲ ತಪಾಸಣಿಗೆ ಬಂದ ಕಾರಕೂನ, ಗುರುಶಾಂತವ್ವ ಯಾರು ಅಂತ ಮಾವನವರನ್ನ ಕೇಳಿದನಂತ. ನಮ್ಮನ್ಯಾಗ ಅಂಥಾಕಿ ಯಾರೂ ಇಲ್ಲ ಅಂದ್ರಂತ. ಕೆಂಪು ಗೀಟು ಎಳದ ಬಿಟ್ಟಾನ. ಐವತ್ತೇಳರ ಚುನಾವಣ್ಯಾಗ ಗಾಡಿ ತುಂಬೇತಿ ಅಂತ ಮನಿ ಹೆಣ್ಮಕ್ಕಳನ್ನ ಕರಕೊಂಡು ಹೋಗಲಿಲ್ಲ. ಅದಕ್ಕ ನನಗ ಗೊತ್ತ ಆಗಲಿಲ್ಲ.

ಸಿರಸಿ ಮಾಮಲೇದಾರ ಕಚೇರಿಗೆ ‘ಗುರುಶಾಂತವ್ವ ಉರ್ಫ್ ಪಾರ್ವತವ್ವ’ ಅಂತ ಅರ್ಜಿ ಕೊಟ್ಟೀನಿ. ಯಾದಿ ಬರದ ಮಾಸ್ತರ ಒಂದು ಪತ್ರ ಬರೀಬೇಕಂತ: ಇವರಿಬ್ಬರೂ ಒಬ್ಬಾಕಿನ, ನಾ ತವರ ಹೆಸರು ಬರದದ್ದು ನನ್ನ ತಪ್ಪು ಅಂತ. ನಾಲ್ಕು ಸಾಲು ಸಾಕು. ಫೆಬ್ರವರಿ ಇಪ್ಪತ್ತು ಕಡೀ ತಾರೀಖು. ಈ ವಾರದಾಗ ಹಾಕು.

ನಿನ್ನ ಅಕ್ಕ,
ಶಾಂತವ್ವ

*

ಕಿರವತ್ತಿ, ಯಲ್ಲಾಪುರ ತಾಲೂಕು
24 ಜನವರಿ 1960

ಮಾತೃಸಮಾನಳಾದ ಅಕ್ಕನ ಪಾದಗಳಿಗೆ ತಮ್ಮ ಶಿವಲಿಂಗಪ್ಪನ ನಮಸ್ಕಾರಗಳು.

ನಿನ್ನ ಪತ್ರ ತಲುಪಿ ಪರಮಾನಂದವಾಯಿತು. ಪ್ರಜಾಪ್ರಭುತ್ವದಲ್ಲಿ ಸ್ತ್ರೀಯರು ಮುಂದೆ ಬರಬೇಕೆಂದು ನಾನು ಏಳನೆಯ ತರಗತಿಯ ಮಕ್ಕಳಿಗೆ ಈಗಷ್ಟೇ ಪಾಠ ಮಾಡಿದ್ದೆ. ಮನೆಗೆ ಬಂದರೆ ನನ್ನ ಸ್ವಂತ ಅಕ್ಕನ ಪತ್ರ! ಇವಳಿಗೆ ಓದಿ ಹೇಳಿದೆ. ನಿಮ್ಮ ಅಕ್ಕ ಗಂಡಸಾಗಿದ್ದರೆ ಮಂತ್ರಿಯಾಗುತ್ತಿದ್ದರು ಎಂದಳು.

ತಪ್ಪು ನನ್ನದೇ, ಒಪ್ಪುತ್ತೇನೆ. ಆ ವರ್ಷ ನಾಡು ಒಂದಾದ ಉತ್ಸಾಹ. ಊರೂರು ಸುತ್ತಿ ಹೆಸರು ಬರೆಯುವಾಗ ಹೆಂಗಸರೆಲ್ಲ ಇಂಥವನ ಹೆಂಡತಿ, ಇಂಥವನ ತಾಯಿ ಎಂದೇ ಹೇಳುತ್ತಿದ್ದರು. ಹೆಸರು ಕೇಳಿದರೆ ಸೆರಗು ಬಾಯಿಗೆ. ನಿಮ್ಮ ಮನೆಯ ಕಟ್ಟೆಯ ಮೇಲೆ ಕುಳಿತಾಗ, ಇಲ್ಲಿ ಒಬ್ಬಳ ಹೆಸರಾದರೂ ನಾನು ಯಾರನ್ನೂ ಕೇಳದೆ ಬರೆಯಬಲ್ಲೆ ಎಂದು ಹೆಮ್ಮೆಯಾಯಿತು. ಕೇಳಲೇ ಇಲ್ಲ, ಬರೆದುಬಿಟ್ಟೆ. ಪಾರ್ವತವ್ವ ಎಂಬ ಹೆಸರು ನನಗೆ ನೆನಪಿಗೇ ಬರಲಿಲ್ಲ, ಅಕ್ಕಾ. ನೀನು ನನಗೆ ಯಾವತ್ತು ಪಾರ್ವತವ್ವ ಆಗಿದ್ದೆ?

ಪತ್ರ ಇಂದು ನಾಳೆಯಲ್ಲಿ ಬರೆದು ಹಾಕುತ್ತೇನೆ. ಒಂದು ಮಾತು ಮಾತ್ರ: ವೀರಪ್ಪ ಮಾವನವರ ಕಿವಿಗೆ ಈ ವಿಷಯ ಹಾಕಿದ್ದೀಯಾ? ಹಿರಿಯರು. ಅವರ ಅಪ್ಪಣೆ ಪಡೆದೇ ಮುಂದುವರಿದರೆ ಒಳ್ಳೆಯದು. ಇಲ್ಲಿ ನಮ್ಮ ಮುಖ್ಯಾಧ್ಯಾಪಕರು ಏಪ್ರಿಲಿನಲ್ಲಿ ನಿವೃತ್ತರಾಗುತ್ತಾರೆ. ಆ ಜಾಗಕ್ಕೆ ನನ್ನ ಹೆಸರೂ ಇದೆ. ಹೀಗಾಗಿ ತಪ್ಪು ಎಂಬ ಶಬ್ದವನ್ನು ಹೇಗೆ ಬರೆಯಬೇಕೆಂದು ಸ್ವಲ್ಪ ಯೋಚಿಸಬೇಕು. ಚಿಂತಿಸಬೇಡ.

ನಿನ್ನ ತಮ್ಮ,
ಶಿವಲಿಂಗಪ್ಪ

*

ಹಿರೇಬಾವಿ
4 ಫೆಬ್ರವರಿ 1960

ಶಿವಲಿಂಗಾ,

ಮೊನ್ನೆ ಸಿರಸಿಗೆ ಹೋಗಿದ್ದೆ. ಕಾರಕೂನ ಕಟ್ಟು ಬಿಚ್ಚಿ ಎರಡೆರಡು ಸಲ ನೋಡಿದ. ನಿನ್ನ ಪತ್ರ ಬಂದಿಲ್ಲ. ‘ಇಂದು ನಾಳೆ’ ಅಂದ್ರ ನಿಮ್ಮ ಕಿರವತ್ತ್ಯಾಗ ಎಷ್ಟು ದಿವಸಪಾ?

ಮಾವನವರ ಅಪ್ಪಣಿ ಕೇಳು ಅಂದಿ. ಕೇಳಿದೆ. ‘ಹೆಣ್ಣಿನ ಬುದ್ಧಿ ಮೊಣಕಾಲ ಕೆಳಗ, ಅದನ್ನ ಎತ್ತಿ ಚಾವಡಿಗೆ ಒಯ್ಯಬ್ಯಾಡ’ ಅಂದ್ರು. ಮರುದಿವಸ ನೋಡಿದ್ರ ಸಾವಿತ್ರವ್ವನ ಹೆಸರು ಮುಂದ ಮಾಡ್ಯಾರ. ಆಕೀ ಬುದ್ಧಿ ಎಲ್ಲೈತಿ ಅಂತ ನಾ ಕೇಳಲಿಲ್ಲ. ಪಾಪ, ಆಕಿ ಹಿತ್ತಲದಾಗ ನನ್ನ ಕೈ ಹಿಡಕೊಂಡು, ‘ಪಾರ್ವತಿ, ನನ್ನ ಬೈಯಬ್ಯಾಡ, ಹೆಬ್ಬಟ್ಟು ಒತ್ತು ಅಂದಲ್ಲಿ ಒತ್ತಾಕಿ ನಾನು’ ಅಂತ ಅತ್ತಳು. ಆಕಿ ಮ್ಯಾಲ ನನಗ ಸಿಟ್ಟಿಲ್ಲ. ಮಾವನವರು ಆಕೀನ ಯಾಕ ನಿಲ್ಲಸ್ತಾರ ಅಂತ ಊರಿಗೆಲ್ಲ ಗೊತ್ತೈತಿ. ಹಿತ್ತಲದ ಬಾವಿ ತಮ್ಮ ಸ್ವಂತದ್ದು ಅಂತ ಪಂಚಾಯತ್ಯಾಗ ಠರಾವು ಬರಸಬೇಕಾಗೇತಿ. ಅದಕ್ಕ ಹೆಬ್ಬಟ್ಟು ಬೇಕು, ಬಾಯಿ ಬ್ಯಾಡ.

ಇವರ ಸುದ್ದಿ ಕೇಳಬ್ಯಾಡ. ಅಪ್ಪನ ಮುಂದ ‘ಹೂಂ’, ನನ್ನ ಮುಂದ ‘ಹೂಂ’. ಎಮ್ಮಿ ಮುಂದನೂ ಹೂಂ ಅಂತಾರ.

ಸುಬ್ಬಿ ದಿನಾ ಕೇಳ್ತಾಳ, ‘ಅವ್ವಾರ, ತಮ್ಮನ ಕಾಗದ ಬಂತರಿ?’ ಅಂತ. ನಾಳೆ ಬರ್ತೈತಿ ಅಂತ ಹೇಳಿ ಹೇಳಿ ನನಗ ಸಾಕಾಗೇತಿ. ತಪ್ಪು ಅನ್ನೂ ಶಬ್ದ ಹ್ಯಾಂಗ ಬರೀಬೇಕಂತ ಯೋಚನಿ ಮಾಡಾಕತ್ತೀಯಂತ? ಮೊದಲ ‘ತ’ ಬರಿ, ಆಮ್ಯಾಲ ‘ಪು’ ಬರದು ಒತ್ತು ಕೊಡು, ಬರ್ತೈತಿ. ಹದಿನಾರು ದಿವಸ ಉಳದಾವು.

ಶಾಂತವ್ವ

*

ಕಿರವತ್ತಿ
12 ಫೆಬ್ರವರಿ 1960

ಪೂಜ್ಯ ಅಕ್ಕನಿಗೆ,

ನಿನ್ನ ಕೋಪ ನ್ಯಾಯವಾದುದು. ಆದರೆ ನನ್ನ ಪರಿಸ್ಥಿತಿಯನ್ನೂ ತಿಳಿಯಬೇಕು.

ವೀರಪ್ಪ ಮಾವನವರು ಕಳೆದ ವಾರ ಇಲ್ಲಿಗೆ ದಯಮಾಡಿಸಿದ್ದರು. ಯಲ್ಲಾಪುರಕ್ಕೆ ಬಂದವರು ಹಾಗೇ ನಮ್ಮ ಶಾಲೆಗೂ ಬಂದರು. ಮಕ್ಕಳಿಂದ ಪ್ರಾರ್ಥನೆ ಹೇಳಿಸಿದೆ, ಕೇಳಿ ಮೆಚ್ಚಿದರು. ಶಾಲೆಯ ಬೋರ್ಡಿನಲ್ಲಿ ಅವರ ಮಾತು ಎಷ್ಟು ನಡೆಯುತ್ತದೆಂದು ನಿನಗೇ ಗೊತ್ತು. ಮುಖ್ಯಾಧ್ಯಾಪಕನ ಜಾಗದ ಮಾತು ಅವರೇ ತೆಗೆದರು. ನಾನು ತೆಗೆಯಲಿಲ್ಲ, ದೇವರಾಣೆ. ನಿನ್ನ ಮೇಲೆ ಒಂದು ಕೆಟ್ಟ ಮಾತೂ ಆಡಲಿಲ್ಲ. ‘ಮನೆತನದ ಸೊಸೆಗೆ ಸರಕಾರದ ಕಾಗದದಲ್ಲಿ ಎರಡು ಹೆಸರು ಕಂಡರೆ ಜನ ಎರಡು ಗಂಡ ಎನ್ನುತ್ತಾರೆ, ನಿಮಗೆ ತಿಳಿಯದ್ದೇನಿದೆ ಮಾಸ್ತರ’ ಎಂದರು, ಅಷ್ಟೇ.

ಅಲ್ಲದೆ ಸರಕಾರಿ ನೌಕರನಾದವನು ಚುನಾವಣೆಯ ವಿಷಯದಲ್ಲಿ ಒಂದು ಪಕ್ಷಕ್ಕೆ ಅನುಕೂಲವಾಗುವಂತೆ ಬರೆಯಬಹುದೇ ಎಂಬ ಪ್ರಶ್ನೆಯೂ ಇದೆ. ನಾನು ವಿಚಾರಿಸುತ್ತಿದ್ದೇನೆ. ಕಚೇರಿಯವರು ನನ್ನನ್ನು ಕೇಳಿದರೆ ಹಾವೂ ಸಾಯದಂತೆ ಕೋಲೂ ಮುರಿಯದಂತೆ ಏನಾದರೂ ಬರೆದು ಕೊಡುತ್ತೇನೆ. ಈ ಸಲ ಆಗದಿದ್ದರೆ ಮುಂದಿನ ಸಲ. ಪಂಚಾಯತಿ ಎಲ್ಲಿಗೂ ಓಡಿಹೋಗುವುದಿಲ್ಲ. ಸಾವಿತ್ರವ್ವನವರಿಗೆ ನೀನೇ ಹಿಂದೆ ನಿಂತು ಬುದ್ಧಿ ಹೇಳಿಕೊಡಬಹುದಲ್ಲ?

ಅಪ್ಪ ಅವ್ವ ಹೋದ ಮೇಲೆ ನನಗಿರುವವಳು ನೀನೊಬ್ಬಳು. ನಿನ್ನ ಸಂಸಾರ ನೆಟ್ಟಗಿರಲಿ ಎಂಬುದೇ ನನ್ನ ಆಸೆ.

ಶಿವಲಿಂಗಪ್ಪ

*

ಹಿರೇಬಾವಿ
21 ಫೆಬ್ರವರಿ 1960

ಶಿವಲಿಂಗಾ,

ಬರದಿ. ಕಡೀಕೂ ಬರದಿ!

ಹದಿನೆಂಟಕ್ಕ ಕಚೇರ್ಯಾಗ ನನ್ನ ಅರ್ಜಿ ಕರದ್ರು. ಇವರೂ ಸಂಗಾಟ ಬಂದಿದ್ರು, ಆದ್ರ ಒಳಗ ಬರಲಿಲ್ಲ, ಹೊರಗ ಗಿಡದ ನೆರಳಿಗೆ ಕುಂತ್ರು. ಮಾವನವರು ಒಳಗ ಕುರ್ಚಿ ಮ್ಯಾಲ ಕುಂತಿದ್ರು. ನಾ ನಿಂತಿದ್ದೆ. ಕಾರಕೂನ ಕಿರವತ್ತಿಯಿಂದ ಪತ್ರ ಬಂದೈತಿ ಅಂದ. ನನ್ನ ಎದಿ ಹಗುರ ಆತು ನೋಡು, ಹೆಂಗ ಹೇಳಲಿ ನಿನಗ! ಅಲ್ಲೇ ನಿಂತಲ್ಲೇ ನಿನಗ ಬೈದದ್ದೆಲ್ಲ ಶಿವಾ ಶಿವಾ ಅಂತ ತಿರುಗಿ ನುಂಗಿದೆ. ಅಂವ ಓದಿದ.

‘ಸನ್ 1956ರಲ್ಲಿ ಹಿರೇಬಾವಿಯ ಯಾದಿ ಬರೆಯುವಾಗ ಗುರುಶಾಂತವ್ವ ಎಂಬ ಹೆಸರು ನಜರಚೂಕಿನಿಂದ, ಗಮನಕ್ಕೆ ಬಾರದೆ ಸೇರಿರುತ್ತದೆ. ಆ ಹೆಸರಿನ ಹೆಂಗಸು ಸದರಿ ಊರಿನಲ್ಲಿ ಇರುವುದು ನನಗೆ ತಿಳಿದಿರುವುದಿಲ್ಲ.’

ನನಗ ನಂಬಿಕಿ ಬರಲಿಲ್ಲ. ಮಾವನವರು ಬ್ಯಾರೆ ಯಾರ ಕೈಲಿಂದರೆ ಬರಸ್ಯಾರ ಅಂದಕೊಂಡೆ. ‘ಸಾಹೇಬರ, ಕಾಗದ ಈ ಕಡೆ ತಿರುವ್ರಿ, ನನಗ ಓದಾಕ ಬರ್ತೈತಿ’ ಅಂದೆ. ತಿರುವಿದ್ರು. ನಿಂದ ಅಕ್ಷರ. ಶ ಬರಿಯೂ ಮುಂದ ನೀ ಹೊಟ್ಟಿ ಉಬ್ಬಸ್ತಿ. ಒಲಿ ಮುಂದ ಬೂದಿ ಹರವಿ ನಿನ್ನ ಬಟ್ಟು ಹಿಡದು ತಿದ್ದಿಸಿದಾಕಿ ನಾನು, ನನಗ ತಿಳಿಯೂದಿಲ್ಲೇನು? ನಿನ್ನ ಸಾಲಿಗೆ ಹಾಕಬೇಕಂತ ಅಪ್ಪ ನನ್ನ ಸಾಲಿ ಬಿಡಿಸಿದ. ಅದಕ್ಕ ನಾ ಒಂದು ದಿವಸ ಅತ್ತಿಲ್ಲ. ಮೊನ್ನೆ ಅತ್ತೆ. ಕಚೇರ್ಯಾಗ, ಗಂಡಸರ ಮುಂದ, ಸೆರಗು ಮಾರಿಗೆ ಹಾಕ್ಕೊಂಡು.

ಮಾಮಲೇದಾರರು ಏನವ್ವಾ ಹೇಳೂದೈತಿ ಅಂದ್ರು. ‘ಇದನ್ನ ಬರದಾಂವ ನನ್ನ ತಮ್ಮರಿ’ ಅಂದೆ. ಕಾರಕೂನ ನಕ್ಕ. ‘ತಮ್ಮನ ನೀ ಇಲ್ಲ ಅಂದಮ್ಯಾಲ ನಾವೇನು ಮಾಡೂಣವ್ವಾ?’ ಅಂದ. ಅರ್ಜಿ ತೆಗೆದ ಹಾಕಿದ್ರು. ಹೊರಗ ಬಂದು ಇವರಿಗೆ ಹೇಳಿದೆ. ಹೂಂ ಅಂದ್ರು. ಆಮ್ಯಾಲ, ಬಸ್ಸಿಗೆ ಹೊತ್ತೈತಿ, ಏನರೆ ತಿನ್ನೂಣ ಅಂದ್ರು.

ಹಾವೂ ಸಾಯಬಾರದು, ಕೋಲೂ ಮುರೀಬಾರದು ಅಂತ ಬರದಿದ್ಯಲ್ಲಾ? ಎರಡೂ ನೆಟ್ಟಗದಾವು. ನನ್ನ ಮ್ಯಾಲ ಗೀಟು ಬಿತ್ತು. ನೀ ಬರೀದ ಸುಮ್ಮನಿದ್ದಿದ್ರ, ತಮ್ಮ ಅಂಜುಬುರುಕ ಅಂತ ತಿಳದು ಇನ್ನೊಮ್ಮೆ ಪಂಚಮಿಗೆ ಉಂಡಿ ಕಟ್ಟಿ ಕಳಸ್ತಿದ್ದೆ.

ನಿನ್ನೆ ಚುನಾವಣಿ ಅರ್ಜಿಗೆ ಸಾವಿತ್ರವ್ವನ ಹೆಬ್ಬಟ್ಟು ಒತ್ತಿಸಿಕೊಂಡು ಹೋದ್ರು. ಎದುರು ಯಾರೂ ಇಲ್ಲ, ಆರಿಸಿ ಬಂದಂಗ. ಸುಬ್ಬಿಗೆ ನಾನ ಹೋಗಿ ಹೇಳಿ ಬಂದೆ. ‘ಆತು ಬಿಡ್ರಿ ಅವ್ವಾರ, ಹೊಳಿ ಎಲ್ಲಿ ಹೋಗ್ತೈತಿ’ ಅಂದಳು.

ಶಾಂತವ್ವ

*

ಕಿರವತ್ತಿ
18 ಜುಲೈ 1960

ಅಕ್ಕಾ,

ಐದು ತಿಂಗಳಾಯಿತು, ನಿನ್ನ ಒಂದು ಸಾಲೂ ಇಲ್ಲ. ಮೂರು ಸಲ ಬರೆದು ಹರಿದೆ.

ಏಪ್ರಿಲಿನಲ್ಲಿ ನನಗೆ ಬಡ್ತಿಯಾಯಿತು. ಈ ಸುದ್ದಿ ಬೇರೆಯವರಿಂದ ನಿನಗೆ ತಲುಪಿರುತ್ತದೆ. ಹೊಸ ಕುರ್ಚಿಯ ಮೇಲೆ ಕುಳಿತರೆ ಮೈ ಚುಚ್ಚುತ್ತದೆ ಎಂದು ಬರೆದರೆ ನೀನು ನಗುತ್ತೀ, ನಗು.

ನಾನು ಸುಳ್ಳು ಬರೆಯಲಿಲ್ಲ ಎಂದು ನನಗೇ ಹೇಳಿಕೊಂಡು ನೋಡಿದೆ. ಆ ಊರಿನಲ್ಲಿ ಗುರುಶಾಂತವ್ವ ಎಂದು ಯಾರೂ ಕರೆಯುವುದಿಲ್ಲ, ಅದು ನಿಜವಲ್ಲವೇ ಎಂದು. ನಿನಗೆ ಪತ್ರ ಹಾಕಿದ ಮೇಲೆ ಮಾವನವರು ಮತ್ತೆ ಬಂದು ಎದುರಿಗೆ ಕುಳಿತು ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ಹೊರಗೆ ಸಾಗವಾನಿ ದಿಮ್ಮಿ ತುಂಬಿದ ಲಾರಿ ನಿಂತು ಒಂದೇ ಸಮನೆ ಗುರುಗುಡುತ್ತಿತ್ತು. ಏನು ಬರೆದೆ ಎಂದು ತಿರುಗಿ ಓದಲೂ ಇಲ್ಲ. ಇದು ನೆಪ, ಗೊತ್ತು. ನಾ ಮಾಡಿದ್ದು ತಪ್ಪವ್ವಾ. ನೋಡು, ಆ ಶಬ್ದ ಬರದೇನಿ ಈಗ.

ಪಂಚಮಿಗೆ ಕರೆಯಲು ನಾನೇ ಬರುತ್ತೇನೆ. ಸೀರೆ ತೆಗೆದಿಟ್ಟಿದ್ದೇನೆ. ಬರಬೇಡ ಎಂದಾದರೂ ಒಂದು ಕಾರ್ಡು ಹಾಕು.

ನಿನ್ನ ತಮ್ಮ,
ಶಿವಲಿಂಗ

*

ಕಿರವತ್ತಿ
6 ಆಗಸ್ಟ್ 1961

ಅಕ್ಕಾ,

ಹೋದ ವರ್ಷ ಪಂಚಮಿಗೆ ಕರೆಯಲು ಬಂದು ನಾನು ಬಾಗಿಲಲ್ಲೇ ನಿಂತಿದ್ದಾಗ, ಎಮ್ಮೆಗೆ ಹುಷಾರಿಲ್ಲ ಬರಲಾಗದು ಎಂದು ನೀನು ಸಾವಿತ್ರವ್ವನವರ ಕೈಯಲ್ಲಿ ಹೇಳಿಕಳಿಸಿದೆ. ನೀನು ಒಳಗೇ ಇದ್ದೆ, ಬಳೆ ಸಪ್ಪಳ ಕೇಳಿತು. ಸೀರೆ ಕಟ್ಟೆಯ ಮೇಲಿಟ್ಟು ಬಂದೆ. ಅದು ಸುಬ್ಬಿಯ ಮೈಮೇಲಿದೆ ಎಂದು ಆಮೇಲೆ ಯಾರೋ ಹೇಳಿದರು. ಇರಲಿ.

ಬರುವ ವರ್ಷದ ವಿಧಾನಸಭೆಯ ಚುನಾವಣೆಗೆ ಹೊಸ ಯಾದಿ ಬರೆಯುತ್ತಿದ್ದಾರೆ. ಈ ಸಲ ನಿನಗಾಗಿ ನಾನು ಏನು ಬೇಕಾದರೂ ಬರೆದುಕೊಡುತ್ತೇನೆ. ಬೇಕಾದರೆ ಸಿರಸಿಗೆ ಬಂದು ಮಾಮಲೇದಾರರ ಮುಂದೆ ನಿಂತು ಬಾಯಿಂದ ಹೇಳುತ್ತೇನೆ. ಕುರ್ಚಿ ಹೋದರೆ ಹೋಗಲಿ. ಕರೆದರೆ ಸಾಕು.

ಶಿವಲಿಂಗ

*

ಹಿರೇಬಾವಿ
2 ಮಾರ್ಚ್ 1962

ಕಿರವತ್ತಿ ಶಾಲೆಯ ಮುಖ್ಯಾಧ್ಯಾಪಕರಾದ ಶ್ರೀ ಶಿವಲಿಂಗಪ್ಪನವರಿಗೆ,

ನಿಮ್ಮ ಎರಡೂ ಪತ್ರ ಮುಟ್ಟಿದ್ದವು. ಉತ್ತರ ಬರೀಬಾರದಂತಿದ್ದೆ. ಆದ್ರ ಒಂದು ಮಾತು ನಿಮಗ ತಿಳಿಸದ ಇದ್ರ ತ್ರಾಸ ಆಗ್ತೈತಿ, ಅದಕ್ಕ ಬರದೀನಿ.

ಹೋದ ವರ್ಷ ಹೊಸಾ ಯಾದಿ ಬರಿಯಾಕ ಬನವಾಸಿ ಕಡೆಯಿಂದ ಒಬ್ಬ ಮಾಸ್ತರ ಬಂದಿದ್ದ. ಹೆಸರು ಕೇಳಿದ. ನಾನ ಹೊರಗ ಬಂದು ಪಾರ್ವತವ್ವ ಅಂದೆ. ಬರಕೊಂಡ. ಮಾವನವರು ಮತ್ತ ತಕರಾರು ಹಾಕಿದ್ರು. ಕಚೇರಿಯಿಂದ ಕರೆ ಬಂತು, ಹೋದೆ. ಅದ ಕಾರಕೂನ, ಅದ ಕಟ್ಟು. ‘ಏನವ್ವಾ, ಎರಡು ವರ್ಷದ ಹಿಂದ ಗುರುಶಾಂತವ್ವ ಅಂದಿ. ಆಕಿ ಇಲ್ಲಂತ ಮಾಸ್ತರ ಬರದ ಕಾಗದ ಇಲ್ಲೈತಿ. ಈಗ ಪಾರ್ವತವ್ವ ಅಂತಿ. ಆಕೀನ ನೀನು ಅಂದ್ರ ಇಲ್ಲದಾಕಿ ಆಗ್ತಿ, ಹೆಸರು ಸೇರೂದಿಲ್ಲ. ಬ್ಯಾರೆ ಅಂದ್ರ ಬ್ಯಾರೆ ಅಂತ ಬರದ ಕೊಡು’ ಅಂದ.

ನಿಮ್ಮನ್ನ ಕರೀಬಹುದಿತ್ತು. ಕರದ್ರ ಸಾಕು ಅಂತ ನೀವ ಬರದಿದ್ರಿ. ಬಸ್ ಸ್ಟ್ಯಾಂಡಿನಾಗ ಕುಂತು ಭಾಳ ಹೊತ್ತು ವಿಚಾರ ಮಾಡಿದೆ. ಬರ್ತೀರಿ ಅಂತ ನಂಬಿ ಮತ್ತೊಮ್ಮೆ ಆ ಕುರ್ಚಿ ಮುಂದ ನಿಂದರೂ ಧೈರ್ಯ ನನಗ ಉಳದಿರಲಿಲ್ಲ. ತಿರುಗಿ ಕಚೇರಿಗೆ ಹೋದೆ. ಟಾಕು ಇಸಕೊಂಡು ನನ್ನ ಕೈಲೆ ನಾನ ಬರದೆ: ‘ನಾನು ಪಾರ್ವತವ್ವ. ಗುರುಶಾಂತವ್ವ ಎಂಬ ಹೆಂಗಸು ನಾನಲ್ಲ. ಕಿರವತ್ತಿ ಶಾಲೆಯ ಶಿವಲಿಂಗಪ್ಪನಿಗೂ ನನಗೂ ಯಾವ ಸಂಬಂಧವೂ ಇಲ್ಲ. ನನಗೆ ಒಡಹುಟ್ಟಿದವರು ಇಲ್ಲ.’ ಕಡೀ ಸಾಲು ಅವರು ಕೇಳಿರಲಿಲ್ಲ, ನಾನ ಸೇರಿಸಿದೆ. ಕೆಳಗ ಸಹಿ ಮಾಡಿದೆ.

ಹೋದ ವಾರ ಓಟು ಹಾಕಿದೆ. ಸುಬ್ಬಿ ಸಂಗಾಟ ನಡಕೊಂಡ ಹೋಗಿದ್ದೆ. ಯಾರಿಗೆ ಹಾಕಿದಿ ಅಂತ ಇವರು ಕೇಳಿದ್ರು. ನಾ ಹೇಳಲಿಲ್ಲ. ಹೂಂ ಅಂದ್ರು.

ಹಿತ್ತಲದ ಬಾವಿ ಈಗ ಮಾವನವರ ಸ್ವಂತದ್ದು, ಠರಾವು ಆಗಿ ವರ್ಷ ಆತು. ಬೇಲಿ ತಗದು ಗ್ವಾಡಿ ಕಟ್ಟಿಸ್ಯಾರ. ಸುಬ್ಬಿ ಕೇರಿಯವರು ಹೊಳಿ ನೀರ ತರ್ತಾರ.

ನೀವು ಇನ್ನ ಪತ್ರ ಬರೀಬ್ಯಾಡ್ರಿ. ಪಂಚಮಿಗೂ ಬರಬ್ಯಾಡ್ರಿ. ಬಾಗಲದಾಗ ನಿಂತು ನೀವು ಅಕ್ಕಾ ಅಂದು, ನಾ ಬಾಯಿ ತಪ್ಪಿ ಓ ಅಂದ್ರ, ಮಾವನವರ ಹಂತ್ಯಾಕ ಸಾಕ್ಷಿ ಸಿಕ್ಕಂಗ ಆಗ್ತೈತಿ. ಯಾದಿಯಿಂದ ಹೆಸರು ಹೋಗ್ತೈತಿ. ಮುಂದಿನ ಪಂಚಾಯತಿ ಚುನಾವಣಿಗೆ ನಾ ನಿಂದರಾಕಿ.

ಇಂತಿ,
ಪಾರ್ವತವ್ವ ಕೋಂ ನಾಗಪ್ಪ